ಹೊಸ ಸೂಪರ್‌ವೈಸರ್‌ಗೆ ಕೈಪಿಡಿ: ಟೀಮಿನ ಮೊಂಡಾಟ, ಮುನಿಸು, ಜಗಳ ನಿಭಾಯಿಸುವುದು ಹೇಗೆ

ಕೆಲಸ ಚೆನ್ನಾಗಿ ಮಾಡುತ್ತೀರಿ ಅಂತ ನಿಮ್ಮನ್ನು ಸೂಪರ್‌ವೈಸರ್ ಮಾಡಿದರು. ಆದರೆ ಈಗ ಕೈಗೆ ಬಂದಿರುವುದು ಬೇರೆಯದೇ ಕೆಲಸ. ನಿನ್ನೆಯವರೆಗೆ ನಿಮ್ಮ ಮೆಷಿನ್, ನಿಮ್ಮ ಫೈಲ್, ನಿಮ್ಮ ಕೌಂಟರ್ ನೋಡಿಕೊಂಡರೆ ಮುಗಿಯುತ್ತಿತ್ತು. ಇನ್ನು ಮುಂದೆ ಯಾರೋ ತಡವಾಗಿ ಬಂದರೂ ನಿಮ್ಮನ್ನೇ ಕೇಳುತ್ತಾರೆ, ಇಬ್ಬರು ಮಾತು ಬಿಟ್ಟರೂ ನಿಮ್ಮನ್ನೇ ಕೇಳುತ್ತಾರೆ. ಇದನ್ನು ಹೇಗೆ ಮಾಡಬೇಕು ಅಂತ ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ.

ಹೊಸಬರು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಎಲ್ಲರಿಗೂ ಬೇಕಾದವರಾಗಿ ಇರೋಣ ಅಂತ ಬಾಯಿ ಮುಚ್ಚಿಕೊಂಡಿರುವುದು ಒಂದು. ಮೊದಲ ದಿನವೇ ಗತ್ತು ತೋರಿಸೋಣ ಅಂತ ಎಲ್ಲರೆದುರು ಗದರುವುದು ಇನ್ನೊಂದು. ತಮಾಷೆ ಏನೆಂದರೆ, ಬಹಳ ಸಲ ಇವೆರಡನ್ನೂ ಮಾಡುವುದು ಒಬ್ಬರೇ. ಎರಡು ತಿಂಗಳು ಸಹಿಸಿಕೊಂಡು, ಮೂರನೇ ತಿಂಗಳು ಸಿಡಿದುಬಿಡುತ್ತಾರೆ. ಆಗ ಎದುರಿಗಿದ್ದವರಿಗೆ ಅನ್ನಿಸುವುದು ಒಂದೇ: "ಇಷ್ಟು ದಿನ ಇದು ತಪ್ಪು ಅಂತ ಯಾರೂ ಹೇಳಲೇ ಇಲ್ವಲ್ಲ?" ಅವರ ಮಾತಲ್ಲಿ ನ್ಯಾಯ ಇದೆ. ಕೆಲಸದ ಜಾಗದಲ್ಲಿ 'ಕಷ್ಟದ ಮನುಷ್ಯ' ಅನ್ನಿಸಿಕೊಂಡ ಎಷ್ಟೋ ಜನಕ್ಕೆ ಹೇಳಬೇಕಾದ ಮಾತನ್ನು, ಹೇಳಬೇಕಾಗಿದ್ದ ವಾರದಲ್ಲಿ ಯಾರೂ ಹೇಳಿರುವುದಿಲ್ಲ. ಹಾಗಾಗಿ ಕೆಳಗಿರುವುದರಲ್ಲಿ ಹೆಚ್ಚಿನ ಭಾಗ, ಆ ಮಾತನ್ನು ಬೇಗ ಹೇಳುವುದು ಹೇಗೆ ಅನ್ನುವುದರ ಬಗ್ಗೆಯೇ ಇದೆ.

ಜಗಳ ಬರುವ ಮೊದಲೇ ಮಾಡಿಕೊಳ್ಳಬೇಕಾದ ಕೆಲಸ

ಮೊದಲ ಎರಡು ವಾರದಲ್ಲಿ ಟೀಮಿನ ಪ್ರತಿಯೊಬ್ಬರ ಜೊತೆ ಬೇರೆ ಬೇರೆಯಾಗಿ 20 ನಿಮಿಷ ಕೂತು ಮಾತಾಡಿ. ಭಾಷಣ ಬೇಡ. ಏನು ಚೆನ್ನಾಗಿ ನಡೆಯುತ್ತಿದೆ, ಕೆಲಸಕ್ಕೆ ಅಡ್ಡಿ ಆಗುತ್ತಿರುವುದು ಏನು, ಯಾವುದನ್ನು ಬದಲಿಸಬಾರದು ಅನ್ನಿಸುತ್ತದೆ ಅಂತ ಕೇಳಿ. ಕೊನೆಗೆ ಇದನ್ನೂ ಕೇಳಿ: "ಏನಾದರೂ ತಪ್ಪಾದರೆ ನಿಮಗೆ ಹೇಗೆ ಹೇಳಬೇಕು?" ಹೆಚ್ಚಿನವರು "ನೇರವಾಗಿ ಹೇಳಿಬಿಡಿ, ನಾಲ್ಕು ಜನರ ಮುಂದೆ ಮಾತ್ರ ಬೇಡ" ಅನ್ನುತ್ತಾರೆ. ಮುಂದೊಂದು ದಿನ ಹೇಳಲೇಬೇಕಾಗಿ ಬಂದಾಗ ಈ ಮಾತು ನಿಮ್ಮ ಕೆಲಸ ಎಷ್ಟೋ ಹಗುರ ಮಾಡುತ್ತದೆ.

ನಿಮ್ಮ ಮೇಲಿನವರ ಹತ್ತಿರವೂ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ರಜೆ ಮಂಜೂರು ಮಾಡುವುದು, ಶಿಫ್ಟ್ ಬದಲಿಸುವುದು, ಬಾಯಿಮಾತಿನ ಎಚ್ಚರಿಕೆ, ಲಿಖಿತ ಎಚ್ಚರಿಕೆ. ಇದರಲ್ಲಿ ಯಾವುದು ನಿಮ್ಮ ಕೈಯಲ್ಲಿದೆ? ಯಾವುದಕ್ಕೆ ಅವರ ಸಹಿ ಬೇಕು? ಇದು ಗೊತ್ತಿಲ್ಲದೆ ಸಿಟ್ಟಿನಲ್ಲಿ "ಹೀಗೇ ಆದರೆ ಕೆಲಸದಿಂದ ತೆಗೆಸ್ತೀನಿ" ಅಂದುಬಿಟ್ಟರೆ ಕಷ್ಟ. ಆ ಅಧಿಕಾರ ನಿಮಗಿಲ್ಲ ಅಂತ ಮರುದಿನ ಎಲ್ಲರಿಗೂ ಗೊತ್ತಾದರೆ, ಆಮೇಲೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಇನ್ನು ಹಳೆಯ ಜೊತೆಗಾರರ ವಿಷಯ. ನಿನ್ನೆವರೆಗೆ ಜೊತೆಗೆ ಕೂತು ಮ್ಯಾನೇಜರನ್ನು ಆಡಿಕೊಂಡವರು ಇವತ್ತು ನಿಮ್ಮ ಕೈಕೆಳಗೆ ಇದ್ದಾರೆ. ಏನೂ ಬದಲಾಗಿಲ್ಲ ಅಂತ ನಟಿಸಬೇಡಿ, ಬದಲಾಗಿದೆ. ಹತ್ತಿರದ ಸ್ನೇಹಿತರಿಗೆ ಒಮ್ಮೆ ಹೇಳಿಬಿಡಿ: "ನಮ್ಮ ಸ್ನೇಹ ಇದ್ದ ಹಾಗೇ ಇರುತ್ತೆ. ಆದರೆ ಶಿಫ್ಟ್, ರಜೆ ವಿಷಯದಲ್ಲಿ ಬೇರೆಯವರಿಗೆ ಏನು ಮಾಡ್ತೀನೋ ನಿಮಗೂ ಅದೇ." ದೂರು, ಗುಸುಗುಸು ಎಲ್ಲ ನಡೆಯುವ ಹಳೆಯ ಚಾಟ್ ಗ್ರೂಪ್ ಇದ್ದರೆ, ಹೇಳಿಯೇ ಹೊರಗೆ ಬನ್ನಿ. ನೀವು ಅಲ್ಲಿರುವುದು ಅವರಿಗೂ ಮುಜುಗರ, ನಿಮಗೂ ಮುಜುಗರ.

ನಿಮ್ಮ ಸ್ಥಾನಕ್ಕೆ ಆಸೆಪಟ್ಟು ಸಿಗದೆ ಹೋದವರು ಟೀಮಿನಲ್ಲೇ ಇರಬಹುದು. ಅವರನ್ನು ತಪ್ಪಿಸಿಕೊಂಡು ಓಡಾಡಬೇಡಿ. "ಈ ಪೋಸ್ಟ್ ನಿಮಗೂ ಬೇಕಿತ್ತು ಅಂತ ಗೊತ್ತು. ಬೇಜಾರಾಗಿದ್ದರೆ ಅದು ಸಹಜ. ಈ ಕೆಲಸದಲ್ಲಿ ನಿಮಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲದ ವಿಷಯಗಳಿವೆ, ಕೇಳ್ತೀನಿ" ಅಂದರೆ ಸಾಕು. ಸಮಾಧಾನ ಮಾಡಲು ಹೋಗಿ ಮುಂದಿನ ಪ್ರಮೋಷನ್ ಬಗ್ಗೆ ಮಾತು ಕೊಡಬೇಡಿ. ಅದು ನಿಮ್ಮ ಕೈಯಲ್ಲಿ ಇಲ್ಲ.

ಹಣೆಪಟ್ಟಿ ಕಿತ್ತು ಹಾಕಿ, ನಡೆದದ್ದನ್ನು ಬರೆಯಿರಿ

ಒಬ್ಬರ ಬಗ್ಗೆ ತಲೆಬಿಸಿ ಶುರುವಾದಾಗ ಮೊದಲು ಒಂದು ಕಾಗದ ತೆಗೆದುಕೊಳ್ಳಿ. ಅವರ ಬಗ್ಗೆ ಮನಸ್ಸಿಗೆ ಬರುವ ಮೊದಲ ಪದ ಬರೆಯಿರಿ. ಸೋಮಾರಿ, ಅಹಂಕಾರಿ, ಬೇಜವಾಬ್ದಾರಿ, ಏನೋ ಒಂದು. ಈಗ ಅದನ್ನು ಹೊಡೆದು ಹಾಕಿ. ಆ ಪದ ಮನಸ್ಸಿಗೆ ಬರಲು ಅವರು ಮಾಡಿದ್ದೇನು, ಕ್ಯಾಮೆರಾ ಇಟ್ಟಿದ್ದರೆ ಅದರಲ್ಲಿ ಕಾಣುತ್ತಿದ್ದದ್ದೇನು, ಅಷ್ಟನ್ನೇ ಬರೆಯಿರಿ. ಕ್ಯಾಮೆರಾಕ್ಕೆ 'ಬೇಜವಾಬ್ದಾರಿ' ಕಾಣುವುದಿಲ್ಲ. 'ಸೋಮವಾರ ಮತ್ತು ಬುಧವಾರ ಹ್ಯಾಂಡೋವರ್ ಪುಸ್ತಕ (ಮುಂದಿನ ಶಿಫ್ಟಿನವರಿಗಾಗಿ ಕೆಲಸದ ಸ್ಥಿತಿ ಬರೆದಿಡುವ ಪುಸ್ತಕ) ತುಂಬದೆ ಹೊರಟರು' ಅನ್ನುವುದು ಕಾಣುತ್ತದೆ.

ಇದು ಬರೀ ಒಳ್ಳೆಯತನದ ಮಾತಲ್ಲ. ನಾವು ತಡವಾಗಿ ಬಂದರೆ ಟ್ರಾಫಿಕ್ ಕಾರಣ, ಬೇರೆಯವರು ತಡವಾಗಿ ಬಂದರೆ ಅವರ ಸ್ವಭಾವವೇ ಕಾರಣ ಅನ್ನುವ ರೂಢಿ ಎಲ್ಲರಿಗೂ ಇದೆ. ಬೇರೆಯವರ ವಿಷಯದಲ್ಲಿ ಪರಿಸ್ಥಿತಿಯನ್ನು ಬಿಟ್ಟು ಸ್ವಭಾವವನ್ನೇ ದೂರುವ ಈ ತಪ್ಪಿಗೆ ಮನಶ್ಶಾಸ್ತ್ರದಲ್ಲಿ ಒಂದು ಹೆಸರೇ ಇದೆ: 'ಫಂಡಮೆಂಟಲ್ ಆಟ್ರಿಬ್ಯೂಷನ್ ಎರರ್'. 1977ರಲ್ಲಿ ಲೀ ರಾಸ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಕೊಟ್ಟ ಹೆಸರು ಅದು. ಸೂಪರ್‌ವೈಸರ್‌ಗೆ ಇದು ದುಬಾರಿ ತಪ್ಪು. ಸ್ವಭಾವವನ್ನು ನೀವು ರಿಪೇರಿ ಮಾಡಲು ಆಗುವುದಿಲ್ಲ, ಪರಿಸ್ಥಿತಿಯನ್ನು ಎಷ್ಟೋ ಸಲ ಮಾಡಬಹುದು.

ನಡೆದದ್ದನ್ನು ಬರೆದ ಮೇಲೆ ಕಾರಣ ಹುಡುಕಿ, ಇದೇ ಕ್ರಮದಲ್ಲಿ. ಹೀಗೆ ಮಾಡಬೇಕು ಅಂತ ಅವರಿಗೆ ಗೊತ್ತಿದೆಯೇ? ನಿಮಗೆ ಗೊತ್ತಿದೆ ಅಂದಮಾತ್ರಕ್ಕೆ ಅವರಿಗೆ ಗೊತ್ತಿರಬೇಕಿಲ್ಲ. ಗೊತ್ತಿದ್ದರೆ, ಮಾಡಲು ಬರುತ್ತದೆಯೇ? ಬರುವುದಾದರೆ, ಸಮಯ, ಸಾಮಾನು, ಬೇರೆಯವರ ಕೆಲಸ, ಮನೆಯ ಕಷ್ಟ, ಇಂಥದ್ದೇನಾದರೂ ಅಡ್ಡ ಬರುತ್ತಿದೆಯೇ? ಇದ್ಯಾವುದೂ ಅಲ್ಲ ಅಂತಾದರೆ ಮಾತ್ರ 'ಬೇಕೂಂತಲೇ ಮಾಡುತ್ತಿಲ್ಲ' ಅನ್ನುವಲ್ಲಿಗೆ ಬನ್ನಿ. ನಾವು ಸಾಮಾನ್ಯವಾಗಿ ಶುರು ಮಾಡುವುದೇ ಇಲ್ಲಿಂದ, ಅಲ್ವಾ?

ಮಾತಿಗೆ ಕೂರುವ ಮೊದಲು 10 ನಿಮಿಷ

ಜಾಗ: ಬಾಗಿಲು ಮುಚ್ಚಬಹುದಾದ ಕಡೆ. ಗಾಜಿನ ಕೋಣೆಯಾದರೆ ಅವರ ಮುಖ ಹೊರಗಿನವರಿಗೆ ಕಾಣದ ಹಾಗೆ ಕೂರಿಸಿ. ಹೊತ್ತು: ಶಿಫ್ಟ್ ಮುಗಿಯುವ ಹೊತ್ತಿಗೆ ಬೇಡ, ವಾರದ ರಜೆಯ ಹಿಂದಿನ ಸಂಜೆಯಂತೂ ಬೇಡವೇ ಬೇಡ. ಮನೆಗೆ ಹೋಗಿ ಎರಡು ದಿನ ಅದನ್ನೇ ಕೊರೆದುಕೊಂಡು ಕೂರುತ್ತಾರೆ. "ನಾಳೆ ನಿಮ್ಮ ಹತ್ತಿರ ಮಾತಾಡಬೇಕು" ಅಂತ ಹೇಳಿ ಹೋಗುವುದೂ ಬೇಡ, ಆ ರಾತ್ರಿ ಅವರಿಗೆ ನಿದ್ದೆ ಬರುವುದಿಲ್ಲ. ಕರೆಯುವುದಾದರೆ ವಿಷಯ ಹೇಳಿಯೇ ಕರೆಯಿರಿ.

ಒಂದು ಸಲಕ್ಕೆ ಒಂದೇ ವಿಷಯ. ಹಳೆಯ ಲೆಕ್ಕಗಳನ್ನೆಲ್ಲ ಅವತ್ತೇ ಚುಕ್ತಾ ಮಾಡಲು ಹೋಗಬೇಡಿ.

ಮೊದಲ ವಾಕ್ಯವನ್ನು ಬರೆದಿಟ್ಟುಕೊಂಡು ಬಾಯಿಬಿಟ್ಟು ಒಮ್ಮೆ ಹೇಳಿ ನೋಡಿ. ಎದೆ ಡವಗುಟ್ಟುವಾಗ ಎಲ್ಲರೂ ಸುತ್ತಿ ಬಳಸಿ ಮಾತಾಡುತ್ತಾರೆ. ಬರೆದ ವಾಕ್ಯ ಇದ್ದರೆ ಅದು ತಪ್ಪುತ್ತದೆ. ವಾಕ್ಯ ಹೇಗಿರಬೇಕು ಅನ್ನುವುದಕ್ಕೆ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಅನ್ನುವ ತರಬೇತಿ ಸಂಸ್ಥೆಯ ಒಂದು ಸುಲಭ ಅಚ್ಚು ಇದೆ: ಯಾವ ಸಂದರ್ಭ, ಏನು ಮಾಡಿದಿರಿ, ಅದರಿಂದ ಏನಾಯಿತು. ಮೂರೇ ತುಂಡು. ಇದರಲ್ಲಿ 'ಯಾವಾಗಲೂ', 'ಒಂದು ದಿನವೂ' ಅನ್ನುವ ಪದಗಳಿಗೆ ಜಾಗ ಇಲ್ಲ. ಅಂಥ ಪದ ಬಂದರೆ ಅವರು ಸರಿಯಾಗಿ ಮಾಡಿದ ಒಂದು ದಿನವನ್ನು ಹುಡುಕಿ ತೋರಿಸುತ್ತಾರೆ, ಮಾತು ಅಲ್ಲಿಗೆ ದಾರಿ ತಪ್ಪುತ್ತದೆ.

ಮಾತುಕತೆ

ಮೇಲಿನ ಹ್ಯಾಂಡೋವರ್ ಪುಸ್ತಕದ ವಿಷಯವನ್ನೇ ತೆಗೆದುಕೊಳ್ಳೋಣ. ಇಬ್ಬರೂ ಕೂತಿದ್ದೀರಿ.

"ಹ್ಯಾಂಡೋವರ್ ವಿಷಯ ಮಾತಾಡೋಣ ಅಂತ ಕರೆದೆ. ಸೋಮವಾರ ಮತ್ತು ಬುಧವಾರ ನಿಮ್ಮ ಶಿಫ್ಟ್ ಮುಗಿದಾಗ ಪುಸ್ತಕ ಖಾಲಿ ಇತ್ತು. ಎರಡನೇ ಮೆಷಿನ್ ಯಾಕೆ ನಿಂತಿದೆ ಅಂತ ಆಮೇಲೆ ಬಂದವರಿಗೆ ಗೊತ್ತಾಗದೆ ಮುಕ್ಕಾಲು ಗಂಟೆ ಹುಡುಕಿದರು. ಏನಾಯ್ತು?"

ಇಷ್ಟು ಹೇಳಿ ನಿಲ್ಲಿಸಿ. ಇಲ್ಲೇ ಹೊಸಬರು ಎಡವುವುದು. ಎದುರಿನವರು ಐದು ಸೆಕೆಂಡ್ ಸುಮ್ಮನಿದ್ದರೂ ತಡೆಯಲಾಗದೆ ತಾವೇ ಮಾತು ತುಂಬಿಸುತ್ತಾರೆ: "ಪರವಾಗಿಲ್ಲ ಬಿಡಿ, ಅಂಥ ದೊಡ್ಡ ವಿಷಯ ಏನಲ್ಲ, ಸುಮ್ನೆ ಕೇಳಿದೆ ಅಷ್ಟೆ..." ಹೇಳಿದ್ದನ್ನು ತಾವೇ ಅಳಿಸಿ ಹಾಕಿದ ಹಾಗಾಯಿತು. ಆ ಮೌನವನ್ನು ಅವರಿಗೇ ಬಿಟ್ಟುಕೊಡಿ.

"ಎಲ್ಲರೂ ಹಾಗೇ ಮಾಡ್ತಾರೆ. ನಿಮ್ಮ ಕಣ್ಣಿಗೆ ನಾನೊಬ್ಬನೇ ಬೀಳೋದಾ?"

"ಬೇರೆಯವರದ್ದು ಇದ್ದರೆ ಅವರ ಹತ್ತಿರ ಮಾತಾಡ್ತೀನಿ. ಈಗ ನಿಮ್ಮದು ಹೇಳಿ. ಸೋಮವಾರ ಏನಾಯ್ತು?"

"ಕೊನೇ ಅರ್ಧ ಗಂಟೆ ಲೋಡಿಂಗ್‌ಗೆ ಕರೀತಾರೆ. ಅಲ್ಲಿಂದ ವಾಪಸ್ ಬರೋಷ್ಟರಲ್ಲಿ ಟೈಮ್ ಆಗಿರುತ್ತೆ. ಬಸ್ ತಪ್ಪಿದರೆ ಇನ್ನೊಂದು ಗಂಟೆ ಕಾಯಬೇಕು."

ನೋಡಿ, 'ಬೇಜವಾಬ್ದಾರಿ'ಯ ಒಳಗೆ ಏನಿತ್ತು ಅಂತ. ಅರ್ಧ ಕಾರಣ ನಿಮ್ಮ ಕಡೆಯೇ ಇದೆ. ಹಾಗಂತ ಪುಸ್ತಕ ತುಂಬುವ ಜವಾಬ್ದಾರಿ ಅವರ ಮೇಲಿಂದ ಹೋಗುವುದಿಲ್ಲ. ಎರಡನ್ನೂ ಹೇಳಿ.

"ಲೋಡಿಂಗ್‌ಗೆ ಕರೆಯೋದು ನನಗೆ ಗೊತ್ತಿರಲಿಲ್ಲ. ಶಿಫ್ಟ್ ಮುಗಿಯೋಕೆ 15 ನಿಮಿಷ ಇರುವಾಗ ನಿಮ್ಮನ್ನು ಬಿಡೋಕೆ ಅವರಿಗೆ ಇವತ್ತೇ ಹೇಳ್ತೀನಿ. ಪುಸ್ತಕ ತುಂಬಿಯೇ ಹೊರಡಬೇಕು, ಅದು ನಿಮ್ಮ ಕೆಲಸ. ಬಿಡಲಿಲ್ಲ ಅಂದರೆ ಆಗಲೇ ನನಗೆ ಫೋನ್ ಮಾಡಿ. ಸರಿನಾ? ಏನು ಅಂದುಕೊಂಡ್ವಿ ಅಂತ ಒಂದ್ಸಲ ನೀವೇ ಹೇಳಿ."

ಆ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. "ಅರ್ಥ ಆಯ್ತಾ?" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಅವರ ಬಾಯಲ್ಲೇ ಬಂದರೆ ಏನು ಅರ್ಥ ಆಗಿದೆ, ಏನು ಆಗಿಲ್ಲ ಅನ್ನುವುದು ಆಗಲೇ ಗೊತ್ತಾಗುತ್ತದೆ. ಏಳುವ ಮೊದಲು ಮತ್ತೆ ಯಾವಾಗ ನೋಡುವುದು ಅಂತ ದಿನ ಗೊತ್ತು ಮಾಡಿ: "ಮುಂದಿನ ಶುಕ್ರವಾರ ಐದು ನಿಮಿಷ ಕೂರೋಣ."

ಎಲ್ಲ ಮಾತುಕತೆಯೂ ಇಷ್ಟು ಸಲೀಸಾಗಿ ಹೋಗುವುದಿಲ್ಲ. ಅತ್ತರೆ, ನೀರು ಕೊಟ್ಟು ಸ್ವಲ್ಪ ಹೊತ್ತು ಬಿಡಿ. ವಿಷಯವನ್ನು ಮಾತ್ರ ಕೈಬಿಡಬೇಡಿ: "ಮುಖ ತೊಳೆದುಕೊಂಡು ಬನ್ನಿ, ಆಮೇಲೆ ಮುಂದುವರಿಸೋಣ. ಇಲ್ಲಾ ನಾಳೆ ಬೆಳಿಗ್ಗೆ ಕೂರೋಣ, ಯಾವುದು ಆಗುತ್ತೆ?" ದನಿ ಏರಿಸಿದರೆ ನೀವು ನಿಮ್ಮ ದನಿ ಇಳಿಸಿ. ಆಗಲೂ ನಿಲ್ಲದಿದ್ದರೆ "ಹೀಗೆ ಮಾತಾಡಿದರೆ ಆಗಲ್ಲ, ಮಧ್ಯಾಹ್ನ ಮತ್ತೆ ಸಿಗೋಣ" ಅಂತ ಎದ್ದುಬಿಡಿ, ಮಧ್ಯಾಹ್ನ ಖಂಡಿತ ಕೂರಿ. "ನಿನ್ನೆ ಮೊನ್ನೆ ಬಂದವರು ನೀವು, ನಿಮಗೇನು ಗೊತ್ತು?" ಅಂತ ಕೇಳಿದರೆ ನಿಮ್ಮ ಅನುಭವದ ಪಟ್ಟಿ ಓದಬೇಡಿ. "ಗೊತ್ತಿಲ್ಲದ್ದು ಬಹಳ ಇರಬಹುದು. ಪುಸ್ತಕ ಖಾಲಿ ಇತ್ತು ಅನ್ನೋದು ಗೊತ್ತು" ಅಂದು ವಿಷಯಕ್ಕೆ ವಾಪಸ್ ಬನ್ನಿ.

ಮೊದಲು ಹೊಗಳಿ, ನಡುವೆ ತಪ್ಪು ಹೇಳಿ, ಕೊನೆಗೆ ಮತ್ತೆ ಹೊಗಳಿ ಅಂತ ಕಲಿಸುವವರಿದ್ದಾರೆ. ನನಗೆ ಇದು ಹಿಡಿಸುವುದಿಲ್ಲ. ಕೆಲವರಿಗೆ ಹೊಗಳಿಕೆಯಷ್ಟೇ ಕೇಳಿಸುತ್ತದೆ, ಖುಷಿಯಿಂದ ಎದ್ದು ಹೋಗುತ್ತಾರೆ. ಉಳಿದವರು ಆಮೇಲೆ ನೀವು ಯಾವತ್ತು ನಿಜವಾಗಿ ಹೊಗಳಿದರೂ ಹಿಂದೆ ಏನು ಬರುತ್ತದೋ ಅಂತ ಕಾಯುತ್ತಾರೆ.

ಸ್ವಲ್ಪ ಬೇರೆ ಥರ ನೋಡಬೇಕಾದವರು

ಕೆಲಸದಲ್ಲಿ ನಿಮಗಿಂತ ಹಿರಿಯರು, ನಿಮಗಿಂತ ಜಾಸ್ತಿ ಬಲ್ಲವರು ಇದ್ದರೆ, ಅವರೊಡನೆ ಪಾಂಡಿತ್ಯದ ಪೈಪೋಟಿಗೆ ಇಳಿಯಬೇಡಿ. ಕೆಲಸ ಹೇಗೆ ಮಾಡಬೇಕು ಅನ್ನುವುದರಲ್ಲಿ ಅವರ ಸಲಹೆ ಕೇಳಿ, ಸಲಹೆ ಹಿಡಿಸಿದರೆ ಅದು ಅವರದ್ದು ಅಂತ ಎಲ್ಲರ ಮುಂದೆ ಹೇಳಿ. ಯಾವಾಗ ಮುಗಿಯಬೇಕು, ಯಾವ ನಿಯಮ ಪಾಲಿಸಬೇಕು ಅನ್ನುವುದರಲ್ಲಿ ಮಾತ್ರ ಕೊನೆಯ ಮಾತು ನಿಮ್ಮದೇ ಇರಲಿ.

ಎಲ್ಲದಕ್ಕೂ "ಆಯ್ತು, ಮಾಡ್ತೀನಿ" ಅಂದು ಏನೂ ಮಾಡದವರು ಇರುತ್ತಾರೆ. ಇವರ ಹತ್ತಿರ 'ಮಾಡ್ತೀರಾ?' ಅಂತ ಕೇಳಿ ಪ್ರಯೋಜನ ಇಲ್ಲ. "ಮೊದಲು ಏನು ಮಾಡ್ತೀರಿ? ಯಾವಾಗ ತೋರಿಸ್ತೀರಿ?" ಅಂತ ಕೇಳಿ. ಇಲ್ಲ ಅನ್ನಲು ಹೆದರಿ ಹೂಂ ಅನ್ನುವವರೂ ಇದರಲ್ಲಿರುತ್ತಾರೆ. "ಇದು ಆಗಲ್ಲ ಅನ್ನಿಸಿದರೆ ಈಗಲೇ ಹೇಳಿ, ಈಗ ಹೇಳಿದರೆ ನನಗೆ ಅನುಕೂಲ" ಅಂದರೆ ಅವರು ಬಾಯಿ ಬಿಡುತ್ತಾರೆ.

ಬಹಳ ಕಷ್ಟ ಕೊಡುವುದು ಕೆಲಸದಲ್ಲಿ ಎಲ್ಲರಿಗಿಂತ ಮುಂದಿದ್ದು, ಜೊತೆಯವರನ್ನು ಹೀಯಾಳಿಸುವವರು. ಎಲ್ಲ ಕಡೆಯೂ ಇಂಥವರನ್ನು ತಲೆ ಮೇಲೆ ಕೂರಿಸಿಕೊಂಡಿರುತ್ತಾರೆ. "ಅವರಿಲ್ಲದಿದ್ದರೆ ಕೆಲಸ ನಡೆಯಲ್ಲ" ಅನ್ನುವ ಹೆದರಿಕೆ. ಆದರೆ ಲೆಕ್ಕ ಪೂರ್ತಿ ಹಾಕಿ ನೋಡಿ. ಅವರಿಗೆ ಹೆದರಿ ಪ್ರಶ್ನೆ ಕೇಳದ ಹೊಸಬರು, ಅವರ ಜೊತೆ ಶಿಫ್ಟ್ ಬೇಡ ಅಂತ ರಜೆ ಹಾಕುವವರು, ಕೆಲಸ ಬಿಟ್ಟು ಹೋದವರು, ಇವರನ್ನೂ ಸೇರಿಸಿ. ಆಮೇಲೆ ಅವರ ಹತ್ತಿರ ಕಡ್ಡಿ ಮುರಿದ ಹಾಗೆ ಹೇಳಿ: "ನಿಮ್ಮ ಕೆಲಸದ ಬಗ್ಗೆ ಮಾತಿಲ್ಲ. ನಿನ್ನೆ ಎಲ್ಲರ ಮುಂದೆ ಆ ಹುಡುಗಿಗೆ 'ಇಷ್ಟೂ ಬರಲ್ವಾ' ಅಂದಿರಿ. ಜೊತೆಯವರ ಹತ್ತಿರ ಹೇಗೆ ಮಾತಾಡ್ತೀರಿ ಅನ್ನೋದೂ ಈ ಕೆಲಸದ ಭಾಗವೇ." ಹಾಗೆಯೇ ಅವರಿಗೊಬ್ಬರಿಗೇ ಗೊತ್ತಿರುವ ಕೆಲಸವನ್ನು ಇನ್ನಿಬ್ಬರಿಗೆ ಕಲಿಸುವ ಏರ್ಪಾಡು ಮಾಡಿ. ಒಬ್ಬರ ಮೇಲೆ ಎಲ್ಲ ನಿಂತಿರುವುದು ಅವರು ಒಳ್ಳೆಯವರಾಗಿದ್ದರೂ ಅಪಾಯವೇ.

ಸದಾ ಗೊಣಗುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೊಣಗಾಟದಲ್ಲಿ ಹತ್ತಕ್ಕೆ ಎರಡಾದರೂ ನಿಜ ಇರುತ್ತದೆ. ಆ ಎರಡನ್ನು ಸರಿಮಾಡಿ.

ಇಬ್ಬರು ಜಗಳ ಆಡಿಕೊಂಡಾಗ

ಮೊದಲು ನೋಡಬೇಕಾದ್ದು: ಜಗಳ ಕೆಲಸದ ಬಗ್ಗೆಯೋ, ಮನುಷ್ಯರ ಬಗ್ಗೆಯೋ? "ಈ ಕೆಲಸ ಹೀಗೆ ಮಾಡಬೇಕು, ಹಾಗಲ್ಲ" ಅಂತ ವಾದ ನಡೆದರೆ ಗಾಬರಿ ಬೇಡ. ಅಂಥ ವಾದವೇ ಇಲ್ಲದ ಟೀಮಿನಲ್ಲಿ ಯಾರಿಗೂ ಕೆಲಸದ ಬಗ್ಗೆ ಆಸಕ್ತಿ ಇಲ್ಲ, ಅಥವಾ ಬಾಯಿ ಬಿಡಲು ಹೆದರಿಕೆ ಇದೆ ಅಂತ ಅರ್ಥ. "ಅವರಿದ್ದರೆ ನಾನು ಬರಲ್ಲ" ಅನ್ನುವಲ್ಲಿಗೆ ಬಂದರೆ ನೀವು ನಡುವೆ ಬರಲೇಬೇಕು.

ಹಾಗೆಂದು ಪ್ರತಿ ಜಗಳಕ್ಕೂ ಮೂಗು ತೂರಿಸಬೇಡಿ. ಕೆನೆತ್ ಥಾಮಸ್ ಮತ್ತು ರಾಲ್ಫ್ ಕಿಲ್ಮನ್ ಅನ್ನುವ ಅಮೆರಿಕದ ಮ್ಯಾನೇಜ್‌ಮೆಂಟ್ ಸಂಶೋಧಕರು 1974ರಲ್ಲಿ ತಂದ ಪ್ರಶ್ನಾವಳಿಯೊಂದು ಜಗಳ ಎದುರಿಸುವ ಐದು ಬಗೆ ಹೇಳುತ್ತದೆ: ಹಟ ಹಿಡಿಯುವುದು, ಬಿಟ್ಟುಕೊಡುವುದು, ತಪ್ಪಿಸಿಕೊಳ್ಳುವುದು, ಅರ್ಧರ್ಧಕ್ಕೆ ಒಪ್ಪುವುದು, ಇಬ್ಬರೂ ಸೇರಿ ದಾರಿ ಹುಡುಕುವುದು. ಐದಕ್ಕೂ ಅದರದ್ದೇ ಹೊತ್ತಿದೆ. ಸುರಕ್ಷತೆಯ ವಿಷಯದಲ್ಲಿ ನೀವು ಹಟ ಹಿಡಿಯಲೇಬೇಕು. ಫ್ಯಾನ್ ಯಾವ ಕಡೆ ತಿರುಗಬೇಕು ಅನ್ನುವ ಜಗಳವನ್ನು ಎರಡು ದಿನ ಬಿಟ್ಟರೆ ತಾನೇ ಆರಬಹುದು.

ನಡುವೆ ಬರಬೇಕು ಅಂತಾದರೆ, ಮೊದಲು ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿ. ಇಬ್ಬರಿಗೂ ಅಷ್ಟೇ ಹೊತ್ತು, ಒಂದೇ ದಿನ. ಒಬ್ಬರನ್ನು ಇವತ್ತು, ಇನ್ನೊಬ್ಬರನ್ನು ನಾಲ್ಕು ದಿನ ಬಿಟ್ಟು ಕರೆದರೆ, ನೀವು ಮೊದಲನೆಯವರ ಕಡೆ ಅಂತ ಸುದ್ದಿ ಆಗಿರುತ್ತದೆ. "ಹೌದಾ, ಛೆ, ಹಾಗಂದರಾ?" ಅಂತ ತಾಳ ಹಾಕಬೇಡಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಮುಟ್ಟಿಸಲೂ ಬೇಡಿ. ಆಮೇಲೆ ಇಬ್ಬರೂ ನೇರ ಮಾತಾಡುವುದನ್ನೇ ಬಿಟ್ಟು ನಿಮ್ಮ ಮೂಲಕವೇ ಎಲ್ಲ ಕಳಿಸುತ್ತಾರೆ.

ಬೇರೆ ಬೇರೆ ಮಾತಾಡುವಾಗ ಹುಡುಕಬೇಕಾದ್ದು, ಅವರು ಕೇಳುತ್ತಿರುವುದರ ಹಿಂದೆ ಅವರಿಗೆ ನಿಜವಾಗಿ ಬೇಕಿರುವುದೇನು ಅನ್ನುವುದನ್ನು. ಮೇರಿ ಪಾರ್ಕರ್ ಫಾಲೆಟ್ ಅನ್ನುವ ಅಮೆರಿಕದ ಚಿಂತಕಿ 1920ರ ದಶಕದಲ್ಲೇ ಇದಕ್ಕೆ ಚಂದದ ಉದಾಹರಣೆ ಕೊಟ್ಟಿದ್ದರು. ಹಾರ್ವರ್ಡ್ ಲೈಬ್ರರಿಯ ಒಂದು ಸಣ್ಣ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆಗೆಯಬೇಕಿತ್ತು, ಫಾಲೆಟ್‌ಗೆ ಮುಚ್ಚಬೇಕಿತ್ತು. ಯಾರೂ ಕೂರದಿದ್ದ ಪಕ್ಕದ ಕೋಣೆಯ ಕಿಟಕಿ ತೆಗೆದರು. ಆ ಇನ್ನೊಬ್ಬರಿಗೆ ಬೇಕಿದ್ದದ್ದು ಗಾಳಿ, ಈ ಕಿಟಕಿಯೇ ತೆಗೆಯಬೇಕು ಅಂತ ಇರಲಿಲ್ಲ. ಫಾಲೆಟ್‌ಗೆ ಬೇಕಿದ್ದದ್ದು ನೇರವಾಗಿ ತನ್ನ ಮೇಲೆ ಗಾಳಿ ಬೀಸದಿರುವುದು. ಕಿಟಕಿಯನ್ನು ಅರ್ಧ ತೆಗೆದಿದ್ದರೆ ಇಬ್ಬರಿಗೂ ಅರ್ಧ ಅಸಮಾಧಾನ ಉಳಿಯುತ್ತಿತ್ತು.

ನಿಮ್ಮ ಟೀಮಿಗೆ ಇದನ್ನು ತಂದು ನೋಡಿ. ಮಾಲು ಪರೀಕ್ಷಿಸುವವರು ಮತ್ತು ಕಳಿಸುವವರ ನಡುವೆ ಜಗಳ. "ಬೇಕೂಂತಲೇ ತಡ ಮಾಡ್ತಾರೆ" ಅಂತ ಒಬ್ಬರು, "ನೋಡೋಕೂ ಬಿಡಲ್ಲ, ತಲೆ ಮೇಲೆ ಕೂರ್ತಾರೆ" ಅಂತ ಇನ್ನೊಬ್ಬರು. ಕೆದಕಿ ಕೇಳಿದರೆ, ಕಳಿಸುವವರಿಗೆ ಬೇಕಿರುವುದು ಗಾಡಿಗೆ ಎಷ್ಟು ಹೊತ್ತಿಗೆ ಬರಲು ಹೇಳಬೇಕು ಅನ್ನುವ ಖಾತ್ರಿ. ಪರೀಕ್ಷಿಸುವವರಿಗೆ ಬೇಕಿರುವುದು ಎಲ್ಲ ಮಾಲು ಕೊನೇ ಗಳಿಗೆಯಲ್ಲಿ ಒಟ್ಟಿಗೆ ಬಂದು ಬೀಳದಿರುವುದು. ಮೊದಲ ಲಾಟ್ ಮುಗಿದ ಕೂಡಲೇ ಪರೀಕ್ಷೆಗೆ ಹೋಗಲಿ, ಎಷ್ಟು ಹೊತ್ತು ಬೇಕು ಅಂತ ಅವರು ಆಗಲೇ ಹೇಳಲಿ. ಇಬ್ಬರ ಕೆಲಸವೂ ನಡೆಯಿತು.

ಆಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ. ಷರತ್ತು ಎರಡೇ: ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ. ತಮ್ಮ ಮಾತು ಶುರು ಮಾಡುವ ಮೊದಲು, ಎದುರಿನವರು ಏನಂದರು ಅಂತ ಅವರೇ ಒಪ್ಪುವ ಹಾಗೆ ಹೇಳಬೇಕು. ಎರಡನೆಯದು ಕೇಳಲು ಮಕ್ಕಳಾಟದ ಥರ ಇದೆ, ಮಾಡಲು ಕಷ್ಟ. "ನಾನು ಹಾಗಂದೇ ಇಲ್ಲ" ಅನ್ನುವುದು ಮೂರು ನಾಲ್ಕು ಸಲ ಬರುತ್ತದೆ. ಬರಲಿ, ಜಗಳದ ಅರ್ಧ ಅಲ್ಲೇ ಸಡಿಲ ಆಗುವುದು. ಪರಿಹಾರವನ್ನು ಆದಷ್ಟೂ ಅವರ ಬಾಯಿಂದಲೇ ಬರಿಸಿ. ನೀವು ಹೇಳಿದ ಪರಿಹಾರ ಮುರಿದುಬಿದ್ದರೆ ತಪ್ಪು ನಿಮ್ಮದಾಗುತ್ತದೆ. ಅವರಿಬ್ಬರೂ ಸ್ನೇಹಿತರಾಗಬೇಕಿಲ್ಲ. ಕೆಲಸಕ್ಕೆ ಬೇಕಾದಷ್ಟು ಮುಖ ಕೊಟ್ಟು ಮಾತಾಡಿದರೆ ಸಾಕು.

ಒಬ್ಬರು ಇನ್ನೊಬ್ಬರನ್ನು ಹೆದರಿಸುತ್ತಿದ್ದಾರೆ, ಕಿರುಕುಳ ಕೊಡುತ್ತಿದ್ದಾರೆ ಅಂತ ಅನುಮಾನ ಇದ್ದರೆ ಮಾತ್ರ ಒಟ್ಟಿಗೆ ಕೂರಿಸಲೇಬೇಡಿ. ಅದು ಇಬ್ಬರ ಜಗಳ ಅಲ್ಲ.

ನೀವು ಒಬ್ಬರೇ ನೋಡಬಾರದ ವಿಷಯಗಳು

ಲೈಂಗಿಕ ಕಿರುಕುಳ, ಜಾತಿ, ಧರ್ಮ, ಬಣ್ಣ, ಅಂಗವೈಕಲ್ಯ ಎತ್ತಿ ಹೀಯಾಳಿಸುವುದು, ಹೊಡೆದಾಟ, ಬೆದರಿಕೆ, ಕಳ್ಳತನ, ಕುಡಿದು ಮೆಷಿನ್ ಮುಂದೆ ನಿಲ್ಲುವುದು, ಜೀವ ತೆಗೆದುಕೊಳ್ಳುವ ಮಾತಾಡುವುದು. ಇವೆಲ್ಲ ನಿಮ್ಮ ಮಾತುಕತೆಯಲ್ಲಿ ಮುಗಿಯುವ ವಿಷಯಗಳಲ್ಲ. ಕಿರುಕುಳದ ದೂರಾದರೆ ಅದೇ ದಿನ ಎಚ್‌ಆರ್‌ಗೆ (ಸಿಬ್ಬಂದಿ ವಿಭಾಗಕ್ಕೆ) ಅಥವಾ ಅದಕ್ಕಾಗಿ ಇರುವ ಸಮಿತಿಗೆ ಮುಟ್ಟಬೇಕು. ಉಳಿದವು ಅದೇ ದಿನ ನಿಮ್ಮ ಮೇಲಿನವರಿಗೆ ಮುಟ್ಟಬೇಕು. ಕುಡಿದು ಬಂದವರನ್ನು ಮೊದಲು ಮೆಷಿನ್‌ನಿಂದ ದೂರ ಮಾಡಿ, ಒಂಟಿಯಾಗಿ ಗಾಡಿ ಓಡಿಸಿಕೊಂಡು ಹೋಗಲು ಬಿಡಬೇಡಿ. ಜೀವದ ಮಾತಾಡಿದವರನ್ನು ಒಬ್ಬರೇ ಇರಲು ಬಿಡಬೇಡಿ, ಕೂಡಲೇ ವೈದ್ಯರ ನೆರವು ಸಿಗುವ ಹಾಗೆ ಮಾಡಿ.

ಕೆಲಸದ ಜಾಗದ ಹಿಂಸೆ, ಕಿರುಕುಳದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ 190ನೇ ಒಡಂಬಡಿಕೆ ತಂದಿತು, 2021ರಲ್ಲಿ ಅದು ಜಾರಿಗೆ ಬಂತು. ಅದರ ಪ್ರಕಾರ ಒಂದೇ ಸಲ ನಡೆದರೂ ಅದು ಕಿರುಕುಳ ಆಗಬಹುದು, ಪದೇ ಪದೇ ನಡೆಯಬೇಕು ಅಂತಿಲ್ಲ. ಕೆಲಸಕ್ಕೆ ಸಂಬಂಧಪಟ್ಟ ಫೋನ್, ಮೆಸೇಜು, ಪ್ರಯಾಣ ಕೂಡ ಅದರೊಳಗೆ ಬರುತ್ತದೆ. "ಆಫೀಸಿನ ಹೊರಗೆ ಆಗಿದ್ದು, ನನಗೆ ಸಂಬಂಧ ಇಲ್ಲ" ಅಂತ ಕೈತೊಳೆದುಕೊಳ್ಳುವ ಮೊದಲು ಇದು ನೆನಪಿರಲಿ.

ಯಾರಾದರೂ "ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ, ಆಮೇಲೆ ಹೇಳ್ತೀನಿ" ಅಂದರೆ ಮಾತು ಕೊಡಬೇಡಿ. "ಗೊತ್ತಿರಬೇಕಾದವರಿಗಷ್ಟೇ ಹೇಳ್ತೀನಿ, ಯಾರಿಗೆ ಹೇಳ್ತೀನಿ ಅಂತ ನಿಮಗೆ ಮೊದಲೇ ತಿಳಿಸ್ತೀನಿ" ಅನ್ನಿ.

ಬರೆದಿಡಿ

ಮಾತುಕತೆ ಆದ ದಿನವೇ ನಾಲ್ಕು ಸಾಲು ಬರೆದಿಡಿ. ದಿನಾಂಕ, ನಡೆದದ್ದು, ಅವರು ಹೇಳಿದ್ದು, ಒಪ್ಪಿಕೊಂಡದ್ದು. ಅಷ್ಟೇ. 'ಉಡಾಫೆಯಾಗಿ ಮಾತಾಡಿದರು' ಅಂತ ಬರೆಯಬೇಡಿ, ಏನಂದರು ಅಂತ ಬರೆಯಿರಿ. ಈ ಕಾಗದ ಒಂದು ದಿನ ಅವರ ಕೈಗೆ, ಮೇಲಿನವರ ಕೈಗೆ, ಕೋರ್ಟಿನ ಮುಂದೆ ಬಂದರೂ ನಾಚಿಕೆ ಆಗದ ಹಾಗಿರಲಿ. ಒಳ್ಳೆಯದಾದದ್ದನ್ನೂ ಬರೆಯಿರಿ. ಬರೀ ತಪ್ಪುಗಳೇ ಇರುವ ಡೈರಿ ನೋಡಿದರೆ ಯಾರಿಗಾದರೂ ನಿಮ್ಮ ಮೇಲೇ ಅನುಮಾನ ಬರುತ್ತದೆ.

ಎಷ್ಟು ಹೇಳಿದರೂ ಬದಲಾಗದಿದ್ದರೆ

ಒಂದೇ ವಿಷಯವನ್ನು ಎರಡು ಸಲ ಸ್ಪಷ್ಟವಾಗಿ ಹೇಳಿದ್ದೀರಿ, ಅಡ್ಡಿಗಳನ್ನು ತೆಗೆದಿದ್ದೀರಿ, ಆದರೂ ಅದೇ ರಾಗ ಅಂತಾದರೆ, ಮೂರನೇ ಸಲ ಅದೇ ಮಾತುಕತೆ ಬೇಡ. ಈಗ ವಿಷಯ ಬೇರೆ: "ಇದರ ಬಗ್ಗೆ ಎರಡು ಸಲ ಮಾತಾಡಿದ್ದೇವೆ. ಇನ್ನೊಮ್ಮೆ ಆದರೆ ಲಿಖಿತ ಎಚ್ಚರಿಕೆಗೆ ಹೋಗುತ್ತದೆ." ಇದನ್ನು ಹೇಳುವ ಮೊದಲು ಎಚ್‌ಆರ್‌ನ್ನು, ಮೇಲಿನವರನ್ನು ಕೇಳಿಕೊಂಡಿರಿ.

ಶಿಸ್ತಿನ ಬಗ್ಗೆ ಡಗ್ಲಸ್ ಮೆಕ್‌ಗ್ರೆಗರ್ ಅನ್ನುವ ಅಮೆರಿಕದ ಮ್ಯಾನೇಜ್‌ಮೆಂಟ್ ಚಿಂತಕನ ಹೆಸರಲ್ಲಿ ಹೇಳುವ ಹಳೆಯ 'ಬಿಸಿ ಒಲೆ'ಯ ಮಾತೊಂದಿದೆ. ಬಿಸಿ ಇದೆ ಅಂತ ಒಲೆ ನೋಡಿದರೇ ಗೊತ್ತಾಗುತ್ತದೆ. ಮುಟ್ಟಿದ ಕೂಡಲೇ ಸುಡುತ್ತದೆ. ಯಾರು ಮುಟ್ಟಿದರೂ ಸುಡುತ್ತದೆ. ಮುಟ್ಟಿದವರ ಮೇಲೆ ಅದಕ್ಕೆ ಸಿಟ್ಟಿಲ್ಲ. ಸೂಪರ್‌ವೈಸರ್‌ಗಳು ಹೆಚ್ಚಾಗಿ ಸೋಲುವುದು ಮೂರನೆಯದರಲ್ಲಿ. ಸ್ನೇಹಿತ ತಡವಾಗಿ ಬಂದರೆ ನಗು, ಬೇರೆಯವರು ಬಂದರೆ ನೋಟಿಸು. ಇದು ಒಂದು ಸಲ ಕಂಡರೆ ಸಾಕು, ಮುಂದಿನ ಎಲ್ಲ ನೋಟಿಸುಗಳಿಗೂ ಟೀಮು ಬೇರೆಯೇ ಅರ್ಥ ಹಚ್ಚುತ್ತದೆ.

ಒಲೆ ಮಾಡದ ಒಂದು ಕೆಲಸ ನೀವು ಮಾಡಬೇಕು: ಅವರ ಮಾತು ಕೇಳುವುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1982ರ 158ನೇ ಒಡಂಬಡಿಕೆ ಕೂಡ, ನಡತೆ ಅಥವಾ ಕೆಲಸದ ಗುಣಮಟ್ಟದ ಕಾರಣಕ್ಕೆ ಒಬ್ಬರನ್ನು ತೆಗೆಯುವ ಮೊದಲು ಆರೋಪಕ್ಕೆ ಉತ್ತರಿಸುವ ಅವಕಾಶ ಕೊಡಬೇಕು ಅನ್ನುತ್ತದೆ. ನಿಮ್ಮಲ್ಲಿ ಯಾವ ಕಾನೂನು, ಯಾವ ಕಂಪನಿ ನಿಯಮ ನಡೆಯುತ್ತದೆ ಅನ್ನುವುದನ್ನು ಎಚ್‌ಆರ್‌ನಿಂದ ತಿಳಿದುಕೊಂಡೇ ಮುಂದುವರಿಯಿರಿ.

ಆಮೇಲೆ

ಸರಿಹೋದರೆ, ಸರಿಹೋಯಿತು ಅಂತ ಹೇಳಿ. ಇದನ್ನು ಮರೆಯುವವರೇ ಜಾಸ್ತಿ. ಮೂರು ವಾರ ಪುಸ್ತಕ ಸರಿಯಾಗಿ ತುಂಬಿದ್ದರೆ "ನೋಡ್ತಾ ಇದ್ದೀನಿ, ಚೆನ್ನಾಗಿ ಆಗ್ತಿದೆ. ಇನ್ನು ಶುಕ್ರವಾರ ಕೂರೋದು ಬೇಡ" ಅನ್ನಿ. ಹಳೆಯ ತಪ್ಪನ್ನು ಮುಂದಿನ ಜಗಳಕ್ಕೆ ಎತ್ತಿಟ್ಟುಕೊಳ್ಳಬೇಡಿ.

ಸರಿಹೋಗದೆ ಯಾರಾದರೂ ಕೆಲಸ ಬಿಟ್ಟರೆ ಅಥವಾ ಬೇರೆ ವಿಭಾಗಕ್ಕೆ ಹೋದರೆ, ಉಳಿದವರಿಗೆ ಅದೇ ದಿನ ನೀವೇ ತಿಳಿಸಿ, ಇಲ್ಲದಿದ್ದರೆ ಸಂಜೆಯೊಳಗೆ ಹತ್ತು ಕತೆ ಹುಟ್ಟಿರುತ್ತವೆ. ಕಾರಣ ಹೇಳಬೇಡಿ, ಎಷ್ಟೇ ಕೆದಕಿದರೂ ಹೇಳಬೇಡಿ. "ಅವರು ಇನ್ನು ನಮ್ಮ ಜೊತೆ ಕೆಲಸ ಮಾಡುವುದಿಲ್ಲ. ಕಾರಣ ಅವರ ಖಾಸಗಿ ವಿಷಯ. ಈ ವಾರ ಅವರ ಕೆಲಸ ಯಾರ್ಯಾರು ನೋಡಿಕೊಳ್ಳಬೇಕು ಅಂತ ಈಗ ಮಾತಾಡೋಣ" ಅನ್ನಿ. ಹೊಸಬರು ಬರುವವರೆಗೆ ಹೆಚ್ಚಿನ ಕೆಲಸ ಒಬ್ಬರದೇ ಹೆಗಲಿಗೆ ಬೀಳದ ಹಾಗೆ ಹಂಚಿ, ಎಷ್ಟು ದಿನ ಹೀಗಿರುತ್ತದೆ ಅಂತಲೂ ಹೇಳಿ.